ಕೋತಿಯ ಜೀನೋಮ್ ಸಿದ್ಧವಾಗಿದೆ, ಬ್ರೌಸರ್‌ಗೆ ಸೇರಿಸುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್‌ಡಿಯ ಮೂರನೇ ವರ್ಷದಲ್ಲಿದ್ದೇನೆ. ನಮ್ಮ ಕಡೆಯ ಸಾಮಾನ್ಯ ಕೋತಿ, ಅಂದರೆ ಬಾನೆಟ್ ಮಕಾಕ್‌ನ ಒಂದು ಹೆಣ್ಣಿನ ರಕ್ತದ ಮಾದರಿಯಿಂದ ಪೂರ್ಣ ಜೀನೋಮ್ ಜೋಡಿಸಿದ್ದೇವೆ. 21 ದೊಡ್ಡ ತುಂಡುಗಳು, 340 ಚಿಲ್ಲರೆ ತುಂಡುಗಳು ಬಂದಿವೆ. ಇದುವರೆಗೆ ರೀಸಸ್ ಮಂಗದ ಜೀನೋಮನ್ನೇ ಆಧಾರವಾಗಿಟ್ಟುಕೊಂಡಿದ್ದೆವು. ಈಗ ನಮ್ಮದನ್ನು ಯುಸಿಎಸ್‌ಸಿ ಜೀನೋಮ್ ಬ್ರೌಸರ್‌ಗೆ, ಅಂದರೆ ಜೀನೋಮ್‌ಗಳನ್ನು ನಕ್ಷೆಯಂತೆ ತೆರೆದು ತೋರಿಸುವ ಅಮೆರಿಕದ ಜಾಲತಾಣಕ್ಕೆ, ಸೇರಿಸಿ ಎಂದು ಮಾರ್ಗದರ್ಶಕರು ಹೇಳಿದ್ದಾರೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಪ್ರಬಂಧ ಪ್ರಕಟವಾಗದೆ ಅವರು ತೆಗೆದುಕೊಳ್ಳುವುದಿಲ್ಲವಂತೆ, ಹಣ ಕಟ್ಟಬೇಕಂತೆ, ಎರಡು ವರ್ಷ ಹಿಡಿಯುತ್ತದಂತೆ. ಸಹೋದ್ಯೋಗಿಯೊಬ್ಬರು ‘ರೀಸಸ್ ಇದೆಯಲ್ಲ, ಇನ್ನೊಂದು ಯಾಕೆ?’ ಎನ್ನುತ್ತಾರೆ. ನಾನೇ ಹಬ್ (ನಮ್ಮ ಸರ್ವರ್‌ನಲ್ಲಿಟ್ಟ ಕಡತಗಳನ್ನು ಬ್ರೌಸರ್ ಓದಿ ತೋರಿಸುವ ವ್ಯವಸ್ಥೆ) ಮಾಡಲು ಹೋದಾಗ ಟ್ರ್ಯಾಕ್‌ಗಳ (ಜೀನ್ ಮುಂತಾದ ಮಾಹಿತಿಯ ಸಾಲುಗಳ) ಹೆಸರು ಬಂತು, ಒಳಗೆ ಏನೂ ಇಲ್ಲ, ಪರದೆ ಖಾಲಿ. ಬಹಿರಂಗವಾಗಿ ಇಟ್ಟರೆ ಬೇರೆಯವರು ನಮಗಿಂತ ಮೊದಲೇ ಪ್ರಬಂಧ ಬರೆದುಬಿಟ್ಟಾರು ಎಂಬ ಭಯವೂ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 21 ಎಂಬ ಸಂಖ್ಯೆ. ಮಕಾಕ್ ಕುಲದ ಮಂಗಗಳ ಜೀವಕೋಶದಲ್ಲಿ 42 ವರ್ಣತಂತುಗಳಿರುತ್ತವೆ: 20 ಜೋಡಿ, ಮೇಲೆ ಲಿಂಗನಿರ್ಣಾಯಕ ಜೋಡಿಯೊಂದು. ಜೋಡಣೆಯಲ್ಲಿ ಜೋಡಿಗೊಂದರಂತೆ ಎಣಿಕೆ. ನಿಮ್ಮದು ಹೆಣ್ಣು ಪ್ರಾಣಿ, ಆದ್ದರಿಂದ ಇಪ್ಪತ್ತಕ್ಕೆ ಎಕ್ಸ್ ಒಂದನ್ನು ಕೂಡಿಸಿದರೆ 21. ಲೆಕ್ಕ ತಾಳೆಯಾಗುತ್ತದೆ. ಜೋಡಣೆ ಕೆಟ್ಟಿದ್ದರೆ ಈ ಸಂಖ್ಯೆ ಇಷ್ಟು ಚೊಕ್ಕವಾಗಿ ಬರುವುದು ಕಷ್ಟ. ಹೀಗಾಗಿ ಕಷ್ಟದ ಕೆಲಸ ಮುಗಿಸಿಯೇ ಪತ್ರ ಬರೆದಿದ್ದೀರಿ ಎಂದುಕೊಂಡು ಉತ್ತರಿಸುತ್ತೇನೆ.

ನೀವು ಕೇಳಿರುವುದು ಬ್ರೌಸರ್‌ಗೆ ಸೇರಿಸುವ ದಾರಿ. ಆದರೆ ನಿಮ್ಮ ಖಾಲಿ ಪರದೆ, ಸಹೋದ್ಯೋಗಿಯ ಆಕ್ಷೇಪ, ಕಳವಿನ ಭಯ, ಮೂರೂ ಸುತ್ತಿ ಬಂದು ನಿಲ್ಲುವುದು ಒಂದೇ ಕಡೆ: ನಿಮ್ಮ ಜೀನೋಮ್‌ಗೆ ಇನ್ನೂ ಹೆಸರು, ವಿಳಾಸ ಇಲ್ಲ. ಬ್ರೌಸರ್ ಎಂಬುದು ವಿಳಾಸ ಇದ್ದವರ ಮನೆ ತೋರಿಸುವ ನಕ್ಷೆ, ಅಷ್ಟೆ. ಆ ನಕ್ಷೆಯಲ್ಲಿ ಕಾಣಿಸಿಕೊಳ್ಳುವುದು ಕೊನೆಯ ಕೆಲಸ.

ಮೊದಲು ಕೇಳಿಬಂದ ಮಾತುಗಳನ್ನು ಬೇಗ ಮುಗಿಸೋಣ. ಹಣ ಕಟ್ಟಬೇಕಿಲ್ಲ. ಪ್ರಬಂಧ ಪ್ರಕಟವಾಗಿರಬೇಕೆಂಬ ನಿಯಮವೂ ಇಲ್ಲ. ಅವರಿಗೆ ಬೇಕಾದದ್ದು ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ನಲ್ಲಿ ನಿಮ್ಮ ಅಸೆಂಬ್ಲಿಗೆ (ಜೋಡಿಸಿದ ಜೀನೋಮ್‌ಗೆ) ಸಿಕ್ಕಿರುವ ದಾಖಲೆ ಸಂಖ್ಯೆ, ಜಿಸಿಎ ಎಂದು ಶುರುವಾಗುವ ಸಂಖ್ಯೆ. ಎರಡು ವರ್ಷದ ಮಾತು ಪೂರ್ತಿ ಸುಳ್ಳಲ್ಲ, ಹಳೆಯ ಕಾಲದ ನಿಜ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ತಂಡ ಮಾನವ ಜೀನೋಮಿನ ಕರಡನ್ನು 2000ದ ಜುಲೈ 7ರಂದು ಅಂತರಜಾಲಕ್ಕೆ ಏರಿಸಿತು. ಬ್ರೌಸರ್ ಬೆಳೆದದ್ದು ಆ ಬುಡದಿಂದ. ಆಗ ಒಂದೊಂದು ಪ್ರಾಣಿಯ ಜೀನೋಮ್ ಬಂದಾಗಲೂ ಅಲ್ಲಿನ ಸಿಬ್ಬಂದಿ ಕೂತು ದತ್ತಸಂಚಯ ಕಟ್ಟಿ, ಪುನರಾವರ್ತಿತ ಭಾಗಗಳನ್ನು ಗುರುತಿಸಿ, ಬೇರೆ ಪ್ರಾಣಿಗಳ ಜೊತೆ ಹೋಲಿಸಿ, ಪರೀಕ್ಷಿಸಿ ಬಿಡುತ್ತಿದ್ದರು. ರೀಸಸ್ ಮಂಗ ಹಾಗೆ ಬಂದದ್ದು: 2006ರಲ್ಲಿ ರೀಮ್ಯಾಕ್2 ಎಂಬ ಆವೃತ್ತಿ, ಆಮೇಲೆ ಚೀನಾ ಮೂಲದ ಮಂಗದ ರೀಮ್ಯಾಕ್3, 2015ರ ಅಸೆಂಬ್ಲಿ ರೀಮ್ಯಾಕ್8, 2019ರದು ರೀಮ್ಯಾಕ್10. ನಡುವಿನ ಅಂಕಿಗಳು ಎಲ್ಲಿ ಹೋದವು ಎಂದು ಹುಡುಕಬೇಡಿ. ಕೊನೆಯ ಎರಡು ಹೆಸರುಗಳ ಅಂಕಿ ಜೋಡಣೆ ಮಾಡಿದವರ ಆವೃತ್ತಿ ಸಂಖ್ಯೆಗೆ ಹೊಂದುತ್ತದೆ, ಎಮ್‌ಮುಲ್_8 ಮತ್ತು ಎಮ್‌ಮುಲ್_10. ಹೀಗೆ ರಾಜೋಪಚಾರ ಸಿಗುತ್ತಿದ್ದದ್ದು ಮಾನವ, ಇಲಿ, ಚಿಂಪಾಂಜಿ, ರೀಸಸ್ ಮುಂತಾದ ಬಹಳ ಜನ ಕೇಳುವ ಜೀವಿಗಳಿಗೆ. ‘ದೊಡ್ಡ ಪ್ರಾಣಿಗಳಿಗಷ್ಟೇ ಪ್ರವೇಶ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ.

ಈಗ ಜೀನೋಮ್‌ಗಳು ಮಳೆಗಾಲದ ಹಳ್ಳದಂತೆ ಹರಿದು ಬರುತ್ತಿವೆ. 2023ರಲ್ಲಿ ಒಂದೇ ಅಧ್ಯಯನ 233 ಪ್ರೈಮೇಟ್ ಪ್ರಭೇದಗಳ ಅನುಕ್ರಮ ದತ್ತಾಂಶವನ್ನು ಒಟ್ಟಿಗೆ ಹೊರತಂದಿತು. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳೂ ಅದರಲ್ಲಿದ್ದರು. ಇಷ್ಟಕ್ಕೆಲ್ಲ ಕೈಯಿಂದ ದತ್ತಸಂಚಯ ಕಟ್ಟಲು ಯಾರಿಂದಲೂ ಆಗದು. ಅದಕ್ಕೇ ಯುಸಿಎಸ್‌ಸಿ ಜೆನ್‌ಆರ್ಕ್ ಎಂಬ ಇನ್ನೊಂದು ಬಾಗಿಲು ತೆರೆದಿದೆ. ಸಾರ್ವಜನಿಕ ಭಂಡಾರದಲ್ಲಿರುವ ಅಸೆಂಬ್ಲಿಯನ್ನು ಯಂತ್ರವೇ ಎತ್ತಿಕೊಂಡು ಹಬ್ ಮಾಡಿ ತೋರಿಸುವ ವ್ಯವಸ್ಥೆ ಅದು. ಅಸೆಂಬ್ಲಿ ವಿನಂತಿ ಪುಟದಲ್ಲಿ ಪ್ರಾಣಿಯ ವೈಜ್ಞಾನಿಕ ಹೆಸರು ಹಾಕಿ ಹುಡುಕಿದರೆ, ಆಗಲೇ ಇರುವುದಕ್ಕೆ ‘ನೋಡಿ’ ಎಂದೂ, ಇಲ್ಲದಿರುವುದಕ್ಕೆ ‘ವಿನಂತಿಸಿ’ ಎಂದೂ ಗುಂಡಿ ಇರುತ್ತದೆ. ಇಮೇಲ್ ವಿಳಾಸ ಕೊಟ್ಟು ಒತ್ತಿದರೆ ಮುಗಿಯಿತು. ನನ್ನ ಅನುಭವದಲ್ಲಿ ಇದು ದಿನಗಳ, ಹೆಚ್ಚೆಂದರೆ ಕೆಲವು ವಾರಗಳ ಮಾತು. ಜಿಸಿ ಅಂಶ (ಜಿ, ಸಿ ಅಕ್ಷರಗಳ ಪ್ರಮಾಣ), ಪುನರಾವರ್ತಿತ ಭಾಗ, ಸಿಪಿಜಿ ದ್ವೀಪ (ಸಿ-ಜಿ ಜೋಡಿ ದಟ್ಟವಾಗಿರುವ ಜಾಗ), ಅಂತರಗಳು (ಓದಲಾಗದೆ ಉಳಿದ ಜಾಗಗಳು), ಗಣಕವು ಊಹಿಸಿದ ಜೀನ್‌ಗಳು ಎಲ್ಲ ತಾವಾಗಿ ಬರುತ್ತವೆ. ಮುಖ್ಯವಾಗಿ ಬ್ಲ್ಯಾಟ್ ಹುಡುಕಾಟವೂ ಬರುತ್ತದೆ. ಯಾವುದೋ ಪ್ರೈಮರ್‌ನ (ಪ್ರಯೋಗಕ್ಕೆ ಬಳಸುವ ಗಿಡ್ಡ ಡಿಎನ್‌ಎ ತುಣುಕಿನ) ಅಕ್ಷರಗಳನ್ನು ಅಂಟಿಸಿ ‘ಇದು ನಮ್ಮ ಕೋತಿಯಲ್ಲಿ ಎಲ್ಲಿದೆ?’ ಎಂದು ಕೇಳುವ ಸೌಲಭ್ಯ ಅದು. ಸ್ವಂತ ಹಬ್‌ನಲ್ಲಿ ಅದು ಬೇಕೆಂದರೆ ಇನ್ನೊಂದು ಸರ್ವರನ್ನು ನೀವೇ ಹಗಲುರಾತ್ರಿ ನಡೆಸಬೇಕು. ಪ್ರಯೋಗಾಲಯದಲ್ಲಿ ಕರೆಂಟ್ ಹೋದ ದಿನ ಅಮೆರಿಕದ ಸಹವರ್ತಿಯಿಂದ ದೂರಿನ ಇಮೇಲ್ ಬರುವುದನ್ನು ನಾನು ಕಂಡಿದ್ದೇನೆ.

ಈಗ ನಿಮ್ಮ ಸಹೋದ್ಯೋಗಿಯ ಮಾತು. ರೀಸಸ್ ಇದೆಯಲ್ಲ ಎಂಬುದರಲ್ಲಿ ಅರ್ಧ ನ್ಯಾಯವಿದೆ. ರೀಸಸ್ ಉತ್ತರ ಭಾರತದ ಕೆಂಪು ಮೋರೆಯ ಮಂಗ. ನಿಮ್ಮದು ದಕ್ಷಿಣದ ದೇವಸ್ಥಾನಗಳ ಪ್ರಾಕಾರದಲ್ಲಿ ಕೂತು ಭಕ್ತರ ಕೈಯ ಬಾಳೆಹಣ್ಣಿಗೆ ಹೊಂಚುಹಾಕುವ, ತಲೆಯ ಮೇಲೆ ಕೂದಲಿನ ಟೊಪ್ಪಿಗೆ ಇಟ್ಟಂತಿರುವ ಕೋತಿ. ಎರಡೂ ಒಂದೇ ಕುಲದವು. ವರ್ಣತಂತುಗಳ ಸಂಖ್ಯೆ ಒಂದೇ. ಪ್ರೋಟೀನಿಗೆ ಸಂಕೇತ ಕೊಡುವ ಬಹುಪಾಲು ಭಾಗ ಎಷ್ಟು ಹತ್ತಿರವಿದೆಯೆಂದರೆ ರೀಡ್‌ಗಳು, ಅಂದರೆ ಯಂತ್ರ ಓದಿಕೊಟ್ಟ ಡಿಎನ್‌ಎ ಚೂರುಗಳು, ರೀಸಸ್‌ನ ಮೇಲೆ ತಕರಾರಿಲ್ಲದೆ ಕೂರುತ್ತವೆ. ನಿಮ್ಮ ಪ್ರಶ್ನೆ ಅಂತಹ ಜೀನ್‌ಗಳ ಅಭಿವ್ಯಕ್ತಿಗೆ ಸೀಮಿತವಾಗಿದ್ದರೆ ಎಮ್‌ಮುಲ್_10 ಸಾಕು. ಅದು ಒಳ್ಳೆಯ ಅಸೆಂಬ್ಲಿ, ಹಿಂದಿನ ಆವೃತ್ತಿಯ ಅಂತರಗಳಲ್ಲಿ ಬಹುತೇಕ ಎಲ್ಲವನ್ನೂ ಮುಚ್ಚಿದೆ.

ಉಳಿದರ್ಧ ತಪ್ಪು. ಬೇರೆಯವರ ಅಳತೆಯ ಅಂಗಿ ಹಾಕಿಕೊಂಡರೆ ಮೈ ತೂರುತ್ತದೆ ನಿಜ, ತೋಳು ಗಿಡ್ಡವಾದದ್ದು ಕೈ ಎತ್ತಿದಾಗಲೇ ಗೊತ್ತಾಗುವುದು. ಆಧಾರ ಜೀನೋಮ್‌ಗೆ ಹೋಲುವ ರೀಡ್‌ಗಳು ಸುಲಭವಾಗಿ ಕೂರುತ್ತವೆ. ಹೋಲದವು ಬಿದ್ದುಹೋಗುತ್ತವೆ, ಬಿದ್ದದ್ದು ನಿಮಗೆ ಕಾಣುವುದೂ ಇಲ್ಲ. ನಿಮ್ಮ ಕೋತಿಯಲ್ಲಿದ್ದು ರೀಸಸ್‌ನಲ್ಲಿ ಇಲ್ಲದ ತುಂಡಿಗೆ ಕೂರಲು ಜಾಗವೇ ಇಲ್ಲ. ರೀಸಸ್‌ನಲ್ಲಿ ಎರಡು ಪ್ರತಿ ಇರುವ ಜೀನ್ ನಿಮ್ಮದರಲ್ಲಿ ನಾಲ್ಕಾಗಿದ್ದರೆ ನಾಲ್ಕರ ರೀಡ್‌ಗಳೂ ಎರಡರ ಮೇಲೆ ರಾಶಿ ಬೀಳುತ್ತವೆ. ನೀವು ಅದನ್ನು ಭಿನ್ನತೆ ಎಂದು ಓದಿಬಿಡುತ್ತೀರಿ. ರೋಗನಿರೋಧಕ ವ್ಯವಸ್ಥೆಯ ಎಂಎಚ್‌ಸಿ ಪ್ರದೇಶ ಇದಕ್ಕೆ ಕುಖ್ಯಾತ. ಮಕಾಕ್‌ಗಳಲ್ಲಿ ಅಲ್ಲಿನ ಜೀನ್‌ಗಳ ಪ್ರತಿಗಳ ಸಂಖ್ಯೆ ಒಂದು ಮಂಗದಿಂದ ಇನ್ನೊಂದು ಮಂಗಕ್ಕೇ ಬದಲಾಗುತ್ತದೆ, ಇನ್ನು ಬೇರೆ ಪ್ರಭೇದದ ಮಾತೇನು! ಮಲೆನಾಡಿನ ಮಂಗನ ಕಾಯಿಲೆಯಲ್ಲಿ ಮೊದಲು ಸಾಯುವ ಪ್ರಾಣಿಗಳಲ್ಲಿ ಮುಸುವದ ಜೊತೆ ಈ ಕೋತಿಯೂ ಇದೆ. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಆ ಕಾಯಿಲೆ ಪತ್ತೆಯಾಗುವುದಕ್ಕೆ ಸುಳಿವು ಕೊಟ್ಟದ್ದೇ ಸತ್ತುಬಿದ್ದ ಮಂಗಗಳು. ನಾಳೆ ಯಾರಾದರೂ ಅದರ ರೋಗನಿರೋಧಕ ಜೀನ್‌ಗಳನ್ನು ನೋಡಬೇಕೆಂದರೆ ರೀಸಸ್‌ನ ಅಂಗಿ ಹರಿಯುತ್ತದೆ. ನಿಮ್ಮ ಜೀನೋಮ್ ಬೇಕಾಗುವುದು ಅಲ್ಲಿ.

ಇನ್ನು ಖಾಲಿ ಪರದೆ. ನೀವು ಕಡತಗಳನ್ನು ಕಳಿಸಿಲ್ಲವಾದರೂ ಕಾರಣ ಬಹುತೇಕ ಏನೆಂದು ಹೇಳಬಲ್ಲೆ. ಹೆಸರಿನ ಗೊಂದಲ. ಒಂದೇ ಹುಡುಗ ಮನೆಯಲ್ಲಿ ಪುಟ್ಟ, ಶಾಲೆಯ ದಾಖಲೆಯಲ್ಲಿ ಮಂಜುನಾಥ, ಪಡಿತರ ಚೀಟಿಯಲ್ಲಿ ಮಂಜಪ್ಪ ಆಗಿರುವುದಿಲ್ಲವೇ? ರೀಸಸ್‌ನ ಮೊದಲ ವರ್ಣತಂತುವಿಗೂ ಹಾಗೆಯೇ. ಯುಸಿಎಸ್‌ಸಿಯಲ್ಲಿ ಅದು ‘ಸಿಎಚ್‌ಆರ್1’, ಯುರೋಪಿನ ಬ್ರೌಸರ್ ಎನ್ಸೆಂಬಲ್‌ನಲ್ಲಿ ಬರೀ ‘1’, ಜೆನ್‌ಬ್ಯಾಂಕ್ ನಡೆಸುವ ಎನ್‌ಸಿಬಿಐಯ ರೆಫ್‌ಸೀಕ್ ಪಟ್ಟಿಯಲ್ಲಿ ‘ಎನ್‌ಸಿ_041754.1’. ಮೂರೂ ಒಂದೇ ಎಂದು ನಿಮಗೆ ಗೊತ್ತು, ಗಣಕಕ್ಕೆ ಗೊತ್ತಿಲ್ಲ. ನಿಮ್ಮ ಹಬ್‌ನ ಜೀನೋಮ್ ಕಡತದಲ್ಲಿ ಜೋಡಣೆಯ ತಂತ್ರಾಂಶ ಕೊಟ್ಟ ‘ಸ್ಕ್ಯಾಫೋಲ್ಡ್_1’ ಎಂಬ ಹೆಸರಿದ್ದು ಜೀನ್ ಟ್ರ್ಯಾಕ್‌ನಲ್ಲಿ ‘ಸಿಎಚ್‌ಆರ್1’ ಎಂದಿದ್ದರೆ, ಬ್ರೌಸರ್ ಸ್ಕ್ಯಾಫೋಲ್ಡ್_1ನ್ನು ತೆರೆದು, ಆ ಹೆಸರಿನ ಜೀನ್ ಹುಡುಕಿ, ಸಿಗದೆ ಸುಮ್ಮನಾಗುತ್ತದೆ. ಎರಡೂ ಕಡತಗಳ ಮೊದಲ ಹತ್ತು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಎರಡು ನಿಮಿಷದ ಕೆಲಸ. ದೊಡ್ಡಕ್ಷರ, ಚಿಕ್ಕಕ್ಷರದ ವ್ಯತ್ಯಾಸ ಕೂಡ ಸಾಕು. ಇದಕ್ಕೆ ಪರಿಹಾರವಾಗಿ ಕ್ರೋಮ್‌ಏಲಿಯಸ್ ಎಂಬ ಕಡತವಿದೆ. ಒಂದು ಸಾಲಿನಲ್ಲಿ ಒಂದು ವರ್ಣತಂತುವಿನ ಎಲ್ಲ ಹೆಸರುಗಳನ್ನೂ ಬರೆದಿಟ್ಟರೆ ಬ್ರೌಸರ್ ಯಾವ ಹೆಸರಿಗೂ ಓಗೊಡುತ್ತದೆ.

ಹೆಸರು ಸರಿಯಿದ್ದೂ ಖಾಲಿಯಾದರೆ ಕಡತ ಇಟ್ಟ ಜಾಗವನ್ನು ಅನುಮಾನಿಸಿ. ಜೀನೋಮ್ ಕಡತ ದೊಡ್ಡದು. ಟೂಬಿಟ್ ರೂಪದಲ್ಲಿ ಒಂದು ಬೈಟಿನಲ್ಲಿ ನಾಲ್ಕು ಅಕ್ಷರ ಹಿಡಿಸುತ್ತವೆ. ಸುಮಾರು 300 ಕೋಟಿ ಅಕ್ಷರ ಎಂದರೆ 75 ಕೋಟಿ ಬೈಟ್, ಹತ್ತಿರಹತ್ತಿರ 750 ಎಂಬಿ. ಬ್ರೌಸರ್ ಇಷ್ಟನ್ನೂ ಪ್ರತಿ ಸಲ ಎಳೆದುಕೊಳ್ಳುವುದಿಲ್ಲ. ‘ಈ ಬೈಟಿನಿಂದ ಆ ಬೈಟಿನವರೆಗೆ ಮಾತ್ರ ಕೊಡು’ ಎಂದು ಸರ್ವರನ್ನು ಕೇಳುತ್ತದೆ. ಹಾಗೆ ತುಂಡು ಮಾಡಿ ಕೊಡಲು ಬಾರದ ಕಡೆ ಇಟ್ಟರೆ ಕೆಲಸ ಕೆಡುತ್ತದೆ. ಗೂಗಲ್ ಡ್ರೈವ್, ಡ್ರಾಪ್‌ಬಾಕ್ಸ್‌ನಂತಹ ಸೇವೆಗಳು ಇದಕ್ಕೆ ಹೇಳಿ ಮಾಡಿಸಿದವಲ್ಲ. ಸಂಸ್ಥೆಯ ಒಂದು ಸಾದಾ ವೆಬ್ ಸರ್ವರ್ ಸಾಕು. ಯುಸಿಎಸ್‌ಸಿಯೇ ಕೊಡುವ ಹಬ್‌ಚೆಕ್ ಎಂಬ ಪುಟ್ಟ ಸಾಧನವನ್ನು ನಿಮ್ಮ ಹಬ್ ಮೇಲೆ ಓಡಿಸಿದರೆ ಎಲ್ಲಿ ಎಡವಿದ್ದೀರೆಂದು ಹೇಳುತ್ತದೆ.

ಆದರೆ ಒಂದು ಮಾತು. ಖಾಲಿ ಪರದೆ ಕಂಡು ಬೇಸರಪಡಬೇಡಿ, ಅದು ಒಳ್ಳೆಯ ಜಾತಿಯ ತಪ್ಪು. ತಪ್ಪಾಗಿದೆ ಎಂದು ತಾನೇ ಒಪ್ಪಿಕೊಳ್ಳುತ್ತದೆ. ಕೆಟ್ಟ ಜಾತಿಯದು ಪರದೆ ತುಂಬಿಯೂ ತಪ್ಪಾಗಿರುವುದು. ಹಲವು ವರ್ಷಗಳ ಹಿಂದೆ ನನಗೆ ಸಹವರ್ತಿಯೊಬ್ಬರು ರೀಸಸ್‌ನ ದತ್ತಾಂಶದ ಕಡತವೊಂದನ್ನು ಕಳಿಸಿದರು. ಕಡತದ ಹೆಸರಿನಲ್ಲಿ ‘ರೀಸಸ್’ ಎಂದಷ್ಟೇ ಇತ್ತು. ರೀಮ್ಯಾಕ್10ರ ಮೇಲೆ ಹಾಕಿದೆ, ಚೆಂದವಾಗಿ ಮೂಡಿತು. ಸಂಕೇತ ಬಲವಾಗಿರುವ ಶಿಖರಗಳೆಲ್ಲ ಜೀನ್‌ಗಳಿಂದ ಸ್ವಲ್ಪ ದೂರ, ನಿರ್ಜನ ಜಾಗದಲ್ಲಿ ಕೂತಿದ್ದವು. ಜೀನ್‌ಗಳನ್ನು ದೂರದಿಂದ ನಿಯಂತ್ರಿಸುವ ಪ್ರದೇಶಗಳು ಸಿಕ್ಕವೆಂದು ಮೂರು ವಾರ ಹಿಗ್ಗಿದೆ, ಸ್ಲೈಡುಗಳನ್ನೂ ಮಾಡಿದೆ. ಕಡತ ರೀಮ್ಯಾಕ್8ರ ನಿರ್ದೇಶಾಂಕಗಳಲ್ಲಿತ್ತು. ಎರಡೂ ಆವೃತ್ತಿಗಳಲ್ಲಿ ವರ್ಣತಂತುವಿನ ಹೆಸರು ಅದೇ ‘ಸಿಎಚ್‌ಆರ್1’, ಆದ್ದರಿಂದ ಬ್ರೌಸರ್‌ಗೆ ಆಕ್ಷೇಪವೇ ಇರಲಿಲ್ಲ. ಅಂತರಗಳು ಮುಚ್ಚಿದಂತೆ ಮುಂದಿನ ಅಕ್ಷರಗಳೆಲ್ಲ ಸರಿದಿದ್ದವು. ಆವೃತ್ತಿ ಬರೆಯದ ನಿರ್ದೇಶಾಂಕ ಊರ ಹೆಸರಿಲ್ಲದ ವಿಳಾಸ. ‘ಎರಡನೇ ಅಡ್ಡರಸ್ತೆ, ನಾಲ್ಕನೇ ಮನೆ’ ಎಂಬುದು ಮೈಸೂರಿನಲ್ಲೂ ಇದೆ, ಹುಬ್ಬಳ್ಳಿಯಲ್ಲೂ ಇದೆ, ಎರಡು ಕಡೆಯೂ ಯಾರೋ ಬಾಗಿಲು ತೆಗೆಯುತ್ತಾರೆ.

ಇದೇ ಜಾತಿಯ ಇನ್ನೆರಡು ತಪ್ಪುಗಳಿವೆ. ಜೀನ್ ಮುಂತಾದವುಗಳ ಜಾಗ ಬರೆದಿಡುವ ಬೆಡ್ ಕಡತದಲ್ಲಿ ಎಣಿಕೆ ಸೊನ್ನೆಯಿಂದ ಶುರು, ಜಿಎಫ್‌ಎಫ್ ಕಡತದಲ್ಲಿ ಒಂದರಿಂದ. ವರ್ಣತಂತುವಿನ ನೂರನೆಯ ಅಕ್ಷರವೊಂದನ್ನೇ ತೋರಿಸಬೇಕಾದರೆ ಬೆಡ್‌ನಲ್ಲಿ 99, 100 ಎಂದು ಬರೆಯಬೇಕು, ಜಿಎಫ್‌ಎಫ್‌ನಲ್ಲಿ 100, 100 ಎಂದು. ಒಂದಕ್ಷರ ಸರಿದರೆ ಏನು ಮಹಾ ಎನ್ನಬೇಡಿ. ಮೂರು ಮೂರು ಅಕ್ಷರದ ಸಂಕೇತ ಓದುವಾಗ ಒಂದಕ್ಷರ ಸರಿದರೆ ಇಡೀ ಪ್ರೋಟೀನ್ ಬೇರೆಯಾಗುತ್ತದೆ. ಎರಡನೆಯದು ವರ್ಣತಂತುವಿಗೆ ಅಂಕಿ ಕೊಡುವಾಗಿನ ತಪ್ಪು. ನಿಮ್ಮ 21 ತುಂಡುಗಳಿಗೆ ಉದ್ದದ ಪ್ರಕಾರ 1, 2, 3 ಎಂದು ಹೆಸರಿಡುವ ಆಸೆಯಾಗುತ್ತದೆ. ಬೇಡ. ರೀಸಸ್‌ನ ಅಂಕಿಗಳನ್ನೇ ಅನುಸರಿಸಿ, ಯಾವುದು ಯಾವುದಕ್ಕೆ ಹೊಂದುತ್ತದೆಂದು ಜೋಡಿಸಿ ನೋಡಿ ಇಡಿ, ದಿಕ್ಕು ತಿರುಗಿದ್ದರೆ ಅದನ್ನೂ ಸರಿಮಾಡಿ. ಮಾನವನ ಅಂಕಿಗಳಂತೂ ಬೇಡವೇ ಬೇಡ. ಮಾನವನ 2ನೇ ವರ್ಣತಂತು ರೀಸಸ್‌ನಲ್ಲಿ 12 ಮತ್ತು 13 ಎಂದು ಎರಡಾಗಿದೆ. ಮಾನವನ 7 ಮತ್ತು 21 ಸೇರಿ ರೀಸಸ್‌ನ 3 ಆಗಿವೆ. 21ರ ಜೀನ್ ಹುಡುಕಿಕೊಂಡು ಹೋದ ವಿದ್ಯಾರ್ಥಿ ಮಂಗಕ್ಕೆ 21ನೇ ವರ್ಣತಂತುವೇ ಇಲ್ಲವೆಂದು ಗಾಬರಿಯಾಗಿ ನನ್ನ ಕೋಣೆಗೆ ಬಂದದ್ದುಂಟು.

ಈಗ ಭಯದ ವಿಷಯ. ಇಲ್ಲಿ ನಿಮ್ಮ ಮುಂದಿರುವ ಆಯ್ಕೆಗಳೆಲ್ಲದರಲ್ಲೂ ಏನಾದರೊಂದು ಕಳೆದುಕೊಳ್ಳಬೇಕು.

ಜೆನ್‌ಬ್ಯಾಂಕ್‌ಗೆ ಸಲ್ಲಿಸುವಾಗ ‘ಇಂಥ ದಿನದವರೆಗೆ ಬಿಡುಗಡೆ ಮಾಡಬೇಡಿ’ ಎಂದು ಕೇಳಬಹುದು. ದಾಖಲೆ ಸಂಖ್ಯೆ ಸಿಗುತ್ತದೆ, ದತ್ತಾಂಶ ಒಳಗೇ ಇರುತ್ತದೆ. ಆದರೆ ಒಳಗಿರುವವರೆಗೆ ಜೆನ್‌ಆರ್ಕ್ ಅದನ್ನು ಮುಟ್ಟಲಾರದು, ಬ್ರೌಸರ್‌ನಲ್ಲಿ ಕಾಣುವುದಿಲ್ಲ. ಆ ಅವಧಿಗೆ ಸ್ವಂತ ಹಬ್ ಇಟ್ಟುಕೊಳ್ಳಬಹುದು. ಸಾರ್ವಜನಿಕ ಹಬ್‌ಗಳ ಪಟ್ಟಿಗೆ ನೀವಾಗಿ ಸೇರಿಸದ ಹೊರತು ಅದು ಯಾರಿಗೂ ತಾನಾಗಿ ಕಾಣುವುದಿಲ್ಲ. ಆದರೆ ಕೊಂಡಿ ಸಿಕ್ಕವರೆಲ್ಲ ನೋಡಬಹುದು, ಮತ್ತು ಕೊಂಡಿಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎಲ್ಲೆಲ್ಲಿಗೋ ಹೋಗುತ್ತವೆ. ಸರ್ವರ್‌ನಲ್ಲಿ ಗುಪ್ತಪದ ಇಟ್ಟು ಕೊಂಡಿಯಲ್ಲೇ ಅದನ್ನು ಸೇರಿಸುವ ದಾರಿಯೂ ಇದೆ, ಅದೂ ಕೊಂಡಿಯ ಜೊತೆಯೇ ಹರಡುತ್ತದೆ. ನಿಜಕ್ಕೂ ಮುಚ್ಚಿಡಬೇಕೆಂದರೆ ಹೊರಗಿನ ಬ್ರೌಸರ್ ಸಹವಾಸವೇ ಬೇಡ. ಐಜಿವಿ ಅಥವಾ ಜೆಬ್ರೌಸ್ ಎಂಬ ಬ್ರೌಸರ್ ತಂತ್ರಾಂಶವನ್ನು ನಿಮ್ಮ ಗಣಕದಲ್ಲೇ ಓಡಿಸಿ, ಇಲ್ಲವೇ ಯುಸಿಎಸ್‌ಸಿ ಕೊಡುವ ‘ಪೆಟ್ಟಿಗೆಯಲ್ಲಿ ಬ್ರೌಸರ್’, ಜಿಬಿಐಬಿಯನ್ನು ಲ್ಯಾಪ್‌ಟಾಪಿನಲ್ಲಿ ನಿಲ್ಲಿಸಿ. ಐಜಿವಿಗೆ ಅನುಕ್ರಮದ ಕಡತ ಮತ್ತು ಅದರ ಸೂಚಿ ಇದ್ದರೆ ಸಾಕು, ಚಹಾ ಕುಡಿದು ಮುಗಿಸುವುದರೊಳಗೆ ತೆರೆಯುತ್ತದೆ. ಆಗ ಹೊರಗಿನವರ ಕಣ್ಣು, ಹೊರಗಿನವರ ನೆರವು ಎರಡೂ ಇಲ್ಲ.

ನಾನಾಗಿದ್ದರೆ ಏನು ಮಾಡುತ್ತಿದ್ದೆ? ಪ್ರಬಂಧದ ಕರಡನ್ನು ಪ್ರಿಪ್ರಿಂಟ್ ಆಗಿ, ಅಂದರೆ ಪತ್ರಿಕೆಯ ಪರಿಶೀಲನೆಗೆ ಮೊದಲೇ ಎಲ್ಲರಿಗೂ ಕಾಣುವಂತೆ, ಹಾಕುವ ದಿನವೇ ಜೆನ್‌ಬ್ಯಾಂಕ್‌ನ ಬೀಗ ತೆಗೆಸುತ್ತಿದ್ದೆ, ಮರುದಿನ ಜೆನ್‌ಆರ್ಕ್‌ನಲ್ಲಿ ವಿನಂತಿ ಗುಂಡಿ ಒತ್ತುತ್ತಿದ್ದೆ. ಅಷ್ಟರವರೆಗೆ ಐಜಿವಿ. ಜೀನೋಮ್ ಬಿಡುಗಡೆ ಮಾಡಿದವರಿಗೆ ಅದರ ಮೊದಲ ಸಮಗ್ರ ವಿಶ್ಲೇಷಣೆಯ ಅವಕಾಶ ಬಿಟ್ಟುಕೊಡಬೇಕೆಂಬ ಒಡಂಬಡಿಕೆ 2003ರ ಫೋರ್ಟ್ ಲಾಡರ್‌ಡೇಲ್ ಸಭೆಯಿಂದ ಈ ಕ್ಷೇತ್ರದಲ್ಲಿ ಇದೆ. ಅದು ಕಾನೂನಲ್ಲ, ಮರ್ಯಾದೆ. ಮರ್ಯಾದೆ ಮೀರುವವರು ಎಲ್ಲ ಕಡೆಯೂ ಇದ್ದಾರೆ. ಆದರೆ ನಾನು ಹೆಚ್ಚು ಕಂಡಿರುವ ನಷ್ಟ ಕಳವಿನದ್ದಲ್ಲ. ಮೂರು ವರ್ಷ ಮುಚ್ಚಿಟ್ಟ ಜೀನೋಮ್‌ಗಿಂತ ಉತ್ತಮವಾದುದನ್ನು ಬೇರೊಂದು ತಂಡ ತಾನಾಗಿ ಮಾಡಿ ಹಾಕಿಬಿಡುವ ನಷ್ಟವೇ ಹೆಚ್ಚು. 2025ರಲ್ಲಿ ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಎರಡು ಒರಾಂಗುಟಾನ್ ಮತ್ತು ಸಿಯಾಮಾಂಗ್ ಗಿಬ್ಬನ್‌ಗಳ ತುದಿಯಿಂದ ತುದಿಯವರೆಗಿನ ಜೀನೋಮ್‌ಗಳು ಒಂದೇ ಪ್ರಬಂಧದಲ್ಲಿ ಬಂದವು. ಮಕಾಕ್‌ಗಳ ಸರದಿಯೂ ಆಗಲೇ ಶುರುವಾಗಿದೆ: ಅದೇ ವರ್ಷ ಏಡಿ ತಿನ್ನುವ ಮಕಾಕ್‌ನ ಅಂತಹ ಜೀನೋಮ್ ಪ್ರಕಟವಾಯಿತು.

ಒಂದು ಎಚ್ಚರಿಕೆ, ಇದು ನನ್ನ ಕ್ಷೇತ್ರದ್ದಲ್ಲ ಆದರೂ ಹೇಳಲೇಬೇಕು. ವನ್ಯಪ್ರಾಣಿಯ ರಕ್ತದ ಮಾದರಿಗೆ ಅರಣ್ಯ ಇಲಾಖೆಯ ಅನುಮತಿ ಪತ್ರ ಇರುತ್ತದೆ. ದತ್ತಾಂಶ ಹಂಚುವ ಬಗ್ಗೆ ಅದರಲ್ಲಿ ಏನು ಷರತ್ತಿದೆ ಎಂದು ಸಲ್ಲಿಸುವ ಮೊದಲೇ ಓದಿ. ಕೇಂದ್ರ ಸರ್ಕಾರದ ಹಣದಲ್ಲಿ ನಡೆದ ಕೆಲಸವಾದರೆ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರಕ್ಕೂ ಸಲ್ಲಿಸಬೇಕೇ ಎಂದು ನಿಮ್ಮ ಕಚೇರಿಯಲ್ಲಿ ವಿಚಾರಿಸಿ. ಒಮ್ಮೆ ಬಿಡುಗಡೆಯಾದ ಜೀನೋಮನ್ನು ಎಲ್ಲರ ಗಣಕದಿಂದ ವಾಪಸ್ ಪಡೆಯಲಾಗದು.

ಜೀನ್‌ಗಳು ಎಲ್ಲಿಂದ ಬರುತ್ತವೆ ಎಂದು ನೀವು ಕೇಳಿಲ್ಲ, ಆದರೆ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಜೆನ್‌ಆರ್ಕ್ ತಾನಾಗಿ ಕೊಡುವ ಜೀನ್‌ಗಳು ಊಹೆಗಳು. ಆಗಸ್ಟಸ್ ಎಂಬ ತಂತ್ರಾಂಶ ಅಕ್ಷರಗಳ ವಿನ್ಯಾಸ ನೋಡಿ ‘ಇಲ್ಲೊಂದು ಜೀನ್ ಇರಬೇಕು’ ಎನ್ನುತ್ತದೆ, ಸತ್ತ ಜೀನ್‌ಗಳ ಅವಶೇಷ ಕಂಡು ಮೋಸಹೋಗುವುದೂ ಉಂಟು. ನಿಮಗೆ ಹತ್ತಿರದ ದಾರಿ ಲಿಫ್ಟಾಫ್: ರೀಸಸ್‌ನ ಜೀನ್ ಪಟ್ಟಿಯನ್ನು ನಿಮ್ಮ ಕೋತಿಯ ಮೇಲೆ ಹೊಂದಿಸಿ ಕೂರಿಸುತ್ತದೆ. ಇಷ್ಟು ಹತ್ತಿರದ ಪ್ರಭೇದಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಆದರೆ ನೆನಪಿರಲಿ, ರೀಸಸ್‌ನಲ್ಲಿ ಇಲ್ಲದ ಜೀನನ್ನು ಅದು ಹುಟ್ಟಿಸಲಾರದು. ಅಂದರೆ ನಿಮ್ಮ ಜೀನೋಮ್ ಬೇಕಾದದ್ದು ಯಾವ ಜಾಗಗಳಿಗೋ ಅಲ್ಲೇ ಅದು ಸೋಲುತ್ತದೆ. ಎರಡು ಮೂರು ಅಂಗಾಂಶಗಳ ಆರ್‌ಎನ್‌ಎ ದತ್ತಾಂಶವನ್ನೂ ಜೊತೆಗೆ ಸಾರ್ವಜನಿಕಗೊಳಿಸಿದರೆ ಎನ್‌ಸಿಬಿಐ ಅಥವಾ ಎನ್ಸೆಂಬಲ್ ತಮ್ಮ ಕ್ರಮಬದ್ಧ ಪಟ್ಟಿ ಮಾಡಲು ಅನುಕೂಲ. ಅವರು ಯಾವಾಗ ಎತ್ತಿಕೊಳ್ಳುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ.

ಇಲ್ಲಿ ಕ್ರಮ ತಪ್ಪಿಸಬೇಡಿ. ಬಹಳ ಜನ ಜೀನ್ ಪಟ್ಟಿ ಮಾಡಿ, ಚಿತ್ರಗಳನ್ನೆಲ್ಲ ಬರೆದು, ಕೊನೆಗೆ ಜೆನ್‌ಬ್ಯಾಂಕ್‌ಗೆ ಹೋಗುತ್ತಾರೆ. ಅಲ್ಲಿ ಕಲಬೆರಕೆ ತಪಾಸಣೆ ಆಗುತ್ತದೆ. ಅನುಕ್ರಮ ಯಂತ್ರ ಓದಲೆಂದು ಅಂಟಿಸುವ ಕೃತಕ ಡಿಎನ್‌ಎಯ, ಅಂದರೆ ಅಡಾಪ್ಟರ್‌ನ, ತುಣುಕೊಂದು 4ನೇ ವರ್ಣತಂತುವಿನ ನಡುವೆ ಸಿಕ್ಕಿಕೊಂಡಿದೆ, ತೆಗೆಯಿರಿ ಎನ್ನುತ್ತಾರೆ. ಮೂವತ್ತು ಅಕ್ಷರ ತೆಗೆದಿರೋ, ಅಲ್ಲಿಂದ ಮುಂದಿನ ಪ್ರತಿಯೊಂದು ಜೀನಿನ ವಿಳಾಸವೂ ಮೂವತ್ತು ಮನೆ ಹಿಂದಕ್ಕೆ. ಅದೇ ತಪಾಸಣೆಯ ಎಫ್‌ಸಿಎಸ್ ಸಾಧನವನ್ನು ಎನ್‌ಸಿಬಿಐ ಎಲ್ಲರಿಗೂ ಕೊಡುತ್ತದೆ. ಮೊದಲೇ ನೀವೇ ಓಡಿಸಿ, ಸ್ವಚ್ಛ ಮಾಡಿ, ಸಲ್ಲಿಸಿ, ಸಂಖ್ಯೆ ಪಡೆದು, ಆಮೇಲೆ ಜೀನ್‌ಗಳಿಗೆ ಕೈಹಾಕಿ.

ಪುನರಾವರ್ತಿತ ಭಾಗಗಳನ್ನೂ ಹಾಗೆಯೇ, ಜೋಡಣೆ ಸ್ವಚ್ಛವಾದ ಮೇಲೆ ಗುರುತು ಮಾಡಿ. ಜೀನೋಮಿನ ಸುಮಾರು ಅರ್ಧದಷ್ಟು ಭಾಗ ಹಳೆಯ ಪುನರಾವರ್ತಿತ ತುಣುಕುಗಳು. ಅವುಗಳನ್ನು ಅಳಿಸುವುದಿಲ್ಲ, ಚಿಕ್ಕಕ್ಷರದಲ್ಲಿ ಬರೆದಿಡುತ್ತಾರೆ. ಹೋಲಿಕೆಯ ತಂತ್ರಾಂಶ ಚಿಕ್ಕಕ್ಷರ ಕಂಡಲ್ಲಿ ಹುಡುಕಾಟ ಶುರುಮಾಡುವುದಿಲ್ಲ. ಗುರುತು ಮಾಡದೆ ರೀಸಸ್ ಜೊತೆ ಹೋಲಿಸಲು ಹೊರಟರೆ, ಲಕ್ಷಾಂತರ ಪ್ರತಿಗಳಿರುವ ಆಲು ತುಣುಕುಗಳು ಪ್ರತಿಯೊಂದೂ ಉಳಿದೆಲ್ಲವಕ್ಕೂ ‘ನಾನೂ ನೀನೂ ಒಂದೇ’ ಎನ್ನುತ್ತಾ ಕೂರುತ್ತವೆ, ನಿಮ್ಮ ಸರ್ವರ್ ವಾರಗಟ್ಟಲೆ ಏದುಸಿರು ಬಿಡುತ್ತದೆ.

ವಿವರಣೆಯ ಪುಟದಲ್ಲಿ ವೈ ವರ್ಣತಂತು ಇಲ್ಲವೆಂದು ಸ್ಪಷ್ಟವಾಗಿ ಬರೆಯಿರಿ. ಪೂರ್ತಿಯಾಗಲೆಂದು ರೀಸಸ್‌ನ ವೈ ತಂದು ಅಂಟಿಸುವವರಿದ್ದಾರೆ, ಅದು ಮಾತ್ರ ಬೇಡ.

ಕೊನೆಯದಾಗಿ ಆ 340 ಚಿಲ್ಲರೆ ತುಂಡುಗಳು. ಅವುಗಳನ್ನು ಎಸೆಯುವ ಮೊದಲು ಸುಮಾರು 16,500 ಅಕ್ಷರಗಳದ್ದೊಂದು ಇದೆಯೇ ನೋಡಿ. ಇದ್ದರೆ ಅದು ಮೈಟೊಕಾಂಡ್ರಿಯದ ಜೀನೋಮ್ ಆಗಿರುವ ಸಾಧ್ಯತೆ ಹೆಚ್ಚು. ಅದನ್ನು ಪ್ರತ್ಯೇಕ ಹೆಸರಿಟ್ಟು ಸಲ್ಲಿಸಬೇಕು. ಅದಕ್ಕಿಂತ ಮುಖ್ಯವಾಗಿ, ಬಾನೆಟ್ ಮತ್ತು ರೀಸಸ್ ಎರಡರ ಮೈಟೊಕಾಂಡ್ರಿಯದ ಜೊತೆಗೂ ಹೋಲಿಸಿ. ರೀಸಸ್ ಮಂಗಗಳ ವ್ಯಾಪ್ತಿ ದಕ್ಷಿಣಕ್ಕೆ ಸರಿಯುತ್ತಿದೆ, ಹಿಡಿದ ಮಂಗಗಳನ್ನು ಲಾರಿಯಲ್ಲಿ ತಂದು ಬೇರೆ ಕಾಡಿಗೆ ಬಿಡುವುದೂ ನಡೆಯುತ್ತದೆ. ಮಾದರಿಯ ಚೀಟಿಯಲ್ಲಿ ಬರೆದದ್ದೇ ಪ್ರಭೇದವೆಂದು ನಂಬಬೇಡಿ. ಮೈಟೊಕಾಂಡ್ರಿಯ ತಾಯಿಯ ಕಡೆಯದನ್ನು ಮಾತ್ರ ಹೇಳುತ್ತದೆ, ಆದ್ದರಿಂದ ತಂದೆಯ ಕಡೆ ತಿಳಿಯಲು ಉಳಿದ ವರ್ಣತಂತುಗಳಲ್ಲಿ ನಾಲ್ಕಾರು ಜಾಗಗಳನ್ನಾದರೂ ನೋಡಿ. ಅದು ಖಚಿತವಾದ ಮೇಲೆ ಸಲ್ಲಿಕೆಯ ಅರ್ಜಿಯಲ್ಲಿ ಪ್ರಭೇದದ ಹೆಸರು ತುಂಬಿ.